ಥರ್ಮಾಸ್‌ನಲ್ಲಿ ಅಳೆದ ಸುಣ್ಣದ ಶಾಖ

ಪಿಯುಸಿ ಮಕ್ಕಳಿಗೆ ಎಂಥಾಲ್ಪಿ, ಅಂದರೆ ರಾಸಾಯನಿಕ ಕ್ರಿಯೆಯಲ್ಲಿ ಹೊರಬರುವ ಇಲ್ಲವೇ ಒಳಹೋಗುವ ಶಾಖದ ಲೆಕ್ಕ, ಕಲಿಸುವಾಗ ನಾನು ಬಳಸುವುದು ಸುಟ್ಟ ಸುಣ್ಣ. ಅದಕ್ಕೆ ನೀರು ಸೇರಿದರೆ ಅರಳಿದ ಸುಣ್ಣವಾಗಿ ಶಾಖ ಬಿಡುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ಸುಣ್ಣದ ಕಲ್ಲಿಗೆ ಬರವಿಲ್ಲ. ಭಟ್ಟಿಯಿಂದ ಹೊಸದಾಗಿ ಇಳಿಸಿದ್ದನ್ನು ತಂದು, ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ.

ಮೊದಲು ಬೋರ್ಡಿನ ಮೇಲೆ ಲೆಕ್ಕ. ಉತ್ಪತ್ತಿ ಎಂಥಾಲ್ಪಿ (ಮೂಲಧಾತುಗಳಿಂದ ಒಂದು ವಸ್ತು ಹುಟ್ಟುವಾಗಿನ ಶಾಖ; ಮೈನಸ್ ಅಂದರೆ ಹೊರಬಂದದ್ದು) ಮೋಲ್ ಒಂದಕ್ಕೆ, ಅಂದರೆ ಕಣಗಳನ್ನು ಎಣಿಸುವ ಒಂದು ನಿಗದಿತ ಪ್ರಮಾಣಕ್ಕೆ, ಅರಳಿದ ಸುಣ್ಣಕ್ಕೆ ಮೈನಸ್ 986.1 ಕಿಲೋಜೂಲ್, ಸುಟ್ಟ ಸುಣ್ಣಕ್ಕೆ ಮೈನಸ್ 635.1, ನೀರಿಗೆ ಮೈನಸ್ 285.8. ಬಂದದ್ದರಿಂದ ಹಾಕಿದ್ದನ್ನು ಕಳೆದರೆ ಮೈನಸ್ 65.2. ಇಲ್ಲಿಗೆ ಬಂದಾಗ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: “ಸರ್, ಟೇಬಲ್‌ನ್ಯಾಗ ನೀರಿಗೆ ಎರಡು ಬೆಲೆ ಅದಾವಲ್ರಿ, ಯಾವ್ದು ತಗೋಬೇಕ್ರಿ?” ಒಳ್ಳೆಯ ಪ್ರಶ್ನೆ. ಮೈನಸ್ 241.8 ಹಬೆಯದು. ಅದನ್ನು ಹಾಕಿದರೆ ಉತ್ತರ ಮೈನಸ್ 109.2ಕ್ಕೆ ಜಿಗಿಯುತ್ತದೆ. ನಾವು ಸುರಿಯುವುದು ದ್ರವ ನೀರು. ಪರೀಕ್ಷೆಯಲ್ಲಿ ಚಿಹ್ನೆ ತಪ್ಪಿ ಹೋಗುವ ಅಂಕಕ್ಕಿಂತ ಈ ಸಾಲು ತಪ್ಪಿ ಹೋಗುವ ಅಂಕವೇ ಹೆಚ್ಚು ಅಂತ ನನ್ನ ಅನಿಸಿಕೆ.

ಆಮೇಲೆ ಥರ್ಮಾಸ್. ಅದೂ ಶಾಖ ಕುಡಿಯುತ್ತದೆ, ಎಷ್ಟು ಅನ್ನುವುದು ಮೊದಲು ಗೊತ್ತಾಗಬೇಕು. ಒಳಗೆ 28 ಡಿಗ್ರಿಯ 100 ಗ್ರಾಂ ನೀರಿದ್ದಾಗ 60 ಡಿಗ್ರಿಯ 100 ಗ್ರಾಂ ಸುರಿದೆವು. 44 ಆಗಬೇಕಿತ್ತು, 43ಕ್ಕೆ ನಿಂತಿತು. ಬಿಸಿನೀರು ಕೊಟ್ಟದ್ದರಲ್ಲಿ ತಣ್ಣೀರು ಪಡೆದದ್ದನ್ನು ಕಳೆದು 15ರಿಂದ ಭಾಗಿಸಿದರೆ ಡಿಗ್ರಿಗೆ ಸುಮಾರು 56 ಜೂಲ್ ಥರ್ಮಾಸ್‌ನ ಪಾಲು.

ಈಗ 200 ಗ್ರಾಂ ನೀರಿಗೆ ಪುಡಿ ಮಾಡಿದ 10 ಗ್ರಾಂ ಸುಣ್ಣ. ಕಣ್ಣಿಗೆ ಗಾಗಲ್ಸ್ ಇಲ್ಲದವರು ದೂರ ನಿಲ್ಲಬೇಕು, ಬಿರಡೆಯನ್ನು ಬಿಗಿಯಬಾರದು. ಅರ್ಧ ನಿಮಿಷಕ್ಕೊಮ್ಮೆ ಉಷ್ಣತೆ ಬರೆದು ಗ್ರಾಫ್ ಎಳೆಯುತ್ತೇವೆ. ಸುಣ್ಣ ಅರಳಲು ಹೊತ್ತು ಬೇಕು, ಅಷ್ಟರಲ್ಲಿ ಒಂದಿಷ್ಟು ಶಾಖ ಹೊರಗೆ ಹೋಗಿರುತ್ತದೆ. ಆದ್ದರಿಂದ ಕಣ್ಣಿಗೆ ಕಂಡ ಗರಿಷ್ಠವನ್ನು ಹಿಡಿಯುವುದಿಲ್ಲ, ತಣ್ಣಗಾಗುವ ಗೆರೆಯನ್ನೇ ಸುಣ್ಣ ಹಾಕಿದ ಕ್ಷಣದವರೆಗೆ ಹಿಂದಕ್ಕೆ ಎಳೆದು ಓದುತ್ತೇವೆ. ಏರಿಕೆ 11 ಡಿಗ್ರಿ ಬಂತು. ಡಿಗ್ರಿಗೆ ನೀರಿನ 836 ಜೂಲ್‌ಗೆ ಥರ್ಮಾಸ್‌ನ 56 ಸೇರಿಸಿ 11ರಿಂದ ಗುಣಿಸಿದರೆ 9.81 ಕಿಲೋಜೂಲ್. ಹತ್ತು ಗ್ರಾಂ ಅಪ್ಪಟ ಸುಣ್ಣವಾಗಿದ್ದರೆ 11.6 ಕೊಡಬೇಕಿತ್ತು.

ಅಂದರೆ ಈ ಕಲ್ಲಿನಲ್ಲಿ ಕೆಲಸಕ್ಕೆ ಬರುವ ಸುಣ್ಣ ನೂರಕ್ಕೆ 84ರಷ್ಟು. ಉಳಿದದ್ದು ಏನು? ಹೈಡ್ರೋಕ್ಲೋರಿಕ್ ಆಸಿಡ್ ಹನಿಸಿದರೆ ನೊರೆ ಉಕ್ಕಿತು, ಅಂದರೆ ಒಳಗೆ ಬೇಯದ ಕಲ್ಲಿದೆ. ನೊರೆ ಬಾರದಿದ್ದರೆ ತೇವ ಹಿಡಿದು ಮೊದಲೇ ಅರಳಿದೆಯೋ, ಕಲ್ಲಿನಲ್ಲೇ ಮರಳು-ಮಣ್ಣು ಇತ್ತೋ ಅಂತ ನೋಡಬೇಕು.

ಯಾವ ದಾರಿಯಲ್ಲಿ ಹೋದರೂ ಒಟ್ಟು ಶಾಖ ಒಂದೇ ಅಂತ ರಸಾಯನ ವಿಜ್ಞಾನಿ ಹೆಸ್ 1840ರಲ್ಲಿ ಹೇಳಿದ ನಿಯಮಕ್ಕೆ ಸುಣ್ಣಕ್ಕಿಂತ ಚಂದದ ಉದಾಹರಣೆ ನನಗೆ ಸಿಕ್ಕಿಲ್ಲ. ಕಲ್ಲು ಬೇಯಲು ಮೋಲ್‌ಗೆ 178.3 ಕಿಲೋಜೂಲ್ ನುಂಗುತ್ತದೆ. ಅರಳುವಾಗ 65.2 ವಾಪಸ್. ಗೋಡೆಗೆ ಬಳಿದ ಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವಾಗ 113.1. ಎರಡೂ ಕೂಡಿದರೆ 178.3. “ಹಂಗಾರ ಗ್ವಾಡಿ ಯಾಕ ಬಿಸಿ ಆಗಂಗಿಲ್ರಿ?” ಅಂದಳು ಹಿಂದಿನ ಬೆಂಚಿನ ಹುಡುಗಿ. ತೆಳ್ಳಗೆ ಬಳಿದ ಸುಣ್ಣ ದಿನಗಟ್ಟಲೆ ನಿಧಾನಕ್ಕೆ ಬಿಡುವ ಶಾಖ ಅದು, ಬಿಟ್ಟಷ್ಟೂ ಗಾಳಿ ಒಯ್ಯುತ್ತದೆ.