ಕಬ್ಬಿನ ಲೆಕ್ಕದಲ್ಲಿ ಆರು ತಿಂಗಳು

ಹೊರಡುವ ಹಿಂದಿನ ರಾತ್ರಿ ಅಪ್ಪ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದುಕೊಟ್ಟರು. ಕೆಂಪು ರಟ್ಟು, ಒಳಗೆ ನೀಲಿ ಗೆರೆ. ಕಬ್ಬು ಕಡಿಯುವವರ ಕೂಲಿ, ಗಾಡಿ ಬಾಡಿಗೆ, ಗೊಬ್ಬರದ ಬಾಕಿ ಬರೆದಿಡೋಕೆ ಅವರು ವರ್ಷ ವರ್ಷ ಕೊಳ್ಳುವ ಪುಸ್ತಕ ಅದು. "ನಿನ್ನ ಲೆಕ್ಕ ಕೇಳಾಕಲ್ಲ ಕಣವ್ವ. ಬರ್ಕಂಡ್ರೆ ದುಡ್ಡು ಎಲ್ಲೋಯ್ತು ಅಂತ ನಿಂಗೇ ಗೊತ್ತಾಯ್ತದೆ" ಅಂದರು.

ನಮ್ಮದು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ನೀರಿನ ಬಯಲಲ್ಲಿರುವ ಒಂದು ಹಳ್ಳಿ. ನಾನು ಓದುತ್ತಿದ್ದದ್ದು ಮೈಸೂರಿನಲ್ಲಿ, ಮೆಕ್ಯಾನಿಕಲ್. 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗೆ ಒಂದು ಸೆಮಿಸ್ಟರ್ ಜರ್ಮನಿಯ ಬ್ರೌನ್‌ಶ್ವೈಗ್ ಊರಿಗೆ ಎಕ್ಸ್‌ಚೇಂಜ್ ಮೇಲೆ ಹೋಗಿದ್ದೆ. ಅಲ್ಲಿ ಬೋಧನಾ ಶುಲ್ಕ ಇರಲಿಲ್ಲ. ಆದರೆ ವೀಸಾ ಬೇಕು ಅಂದರೆ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ದುಡ್ಡನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಮೊದಲೇ ಇಡಬೇಕಿತ್ತು. ಅಲ್ಲಿಗೆ ಹೋದ ಮೇಲೆ ಅದು ತಿಂಗಳು ತಿಂಗಳು ನಮ್ಮ ಕೈಗೆ ಬರುತ್ತೆ. ಆರು ತಿಂಗಳಿಗೆ 5,952 ಯೂರೋ. ಆಗಿನ ರೇಟಿನಲ್ಲಿ ಸುಮಾರು ಐದೂವರೆ ಲಕ್ಷ.

ಆ ವರ್ಷ ಕಬ್ಬಿಗೆ ಕೇಂದ್ರ ಸರ್ಕಾರ ಕಟ್ಟಿದ ದರ ಕ್ವಿಂಟಾಲಿಗೆ 340 ರೂಪಾಯಿ, ಅಂದರೆ ಟನ್ನಿಗೆ 3,400. ವಿಮಾನದಲ್ಲಿ ಕೂತು ಲೆಕ್ಕ ಹಾಕಿದೆ. ಐದೂವರೆ ಲಕ್ಷ ಅಂದರೆ ನೂರ ಅರವತ್ತು ಟನ್ ಕಬ್ಬು. ನಮ್ಮ ನಾಲ್ಕು ಎಕರೆಯ ಒಂದು ವರ್ಷದ ಬೆಳೆ ಪೂರ್ತಿ, ಕೂಲಿ ಗೊಬ್ಬರ ಏನೂ ಕಳೆಯದೆ. ಅರ್ಧ ಬ್ಯಾಂಕ್ ಸಾಲ, ಅರ್ಧ ಮನೆಯದು. ಪುಸ್ತಕದ ಮೊದಲ ಸಾಲಾಗಿ ಅದನ್ನೇ ಬರೆದೆ.

ಆಮೇಲೆ ದಿನಾ ಬರೆದೆ. ರೂಮಿಗೆ ತಿಂಗಳಿಗೆ 290 ಯೂರೋ. ಆರೋಗ್ಯ ವಿಮೆಗೆ ಸುಮಾರು 120, ಅದಿಲ್ಲದೆ ಕಾಲೇಜು ಸೇರಿಸಿಕೊಳ್ಳೋದೇ ಇಲ್ಲ. ಅಕ್ಕಿ, ಬೇಳೆ, ಆಲೂಗಡ್ಡೆ. ನೀರಿನ ಪ್ಲಾಸ್ಟಿಕ್ ಬಾಟಲಿ ವಾಪಸ್ ಕೊಟ್ಟರೆ 25 ಸೆಂಟ್ ಬರುತ್ತೆ, ಅದನ್ನೂ ಜಮಾ ಕಡೆ ಬರೆದೆ. ಖರ್ಚಿನ ಕೆಳಗೆ ಅವತ್ತಿನ ಬಗ್ಗೆ ಒಂದೇ ಒಂದು ಸಾಲು. ಯಾಕೆ ಶುರು ಮಾಡಿದೆ ಅಂತ ನೆನಪಿಲ್ಲ. ಹೊರದೇಶಕ್ಕೆ ಓದೋಕೆ ಹೋಗುವವರಿಗೆ ನಾನು ಮೊದಲು ಹೇಳೋದು ಇದನ್ನೇ, ದಿನಕ್ಕೊಂದು ಸಾಲು ಬರೀರಿ. ಸಾವಿರ ಫೋಟೋ ತೆಗೆದಿದ್ದೆ, ಅವುಗಳಲ್ಲಿ ಅಂಥದ್ದೇನೂ ಉಳಿದಿಲ್ಲ.

ಮೂರನೇ ವಾರದ ಒಂದು ಸಾಲು ಹೀಗಿದೆ: "ಮುದ್ದೆ ಮಾಡಿದೆ. ಗಂಟಾಯ್ತು. ಎದುರು ರೂಮಿನವಳು ತಿಂದಳು." ಐದು ಕೆಜಿ ರಾಗಿ ಹಿಟ್ಟು ಒಯ್ದಿದ್ದೆ, ಮುದ್ದೆ ಕೋಲು ಮರೆತಿದ್ದೆ. ಹಾಸ್ಟೆಲ್ಲಿನ ಅಡುಗೆಮನೆ ಹತ್ತು ಜನಕ್ಕೆ ಒಂದು. ಮರದ ಸೌಟಿನಲ್ಲಿ ತಿರುವಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟುತ್ತಿದ್ದೆ. ಸುಡಾನ್‌ನ ಹುಡುಗಿ ಬಾಗಿಲಲ್ಲೇ ನಿಂತುಬಿಟ್ಟಳು. "ಅಸೀದಾ!" ಅಂದಳು. ಅವರಲ್ಲೂ ಜೋಳದ ಹಿಟ್ಟನ್ನು ಹೀಗೇ ಕುದಿಯುವ ನೀರಲ್ಲಿ ತಿರುವಿ ಮುದ್ದೆ ಮಾಡ್ತಾರಂತೆ, ಸಾರಿನ ಜೊತೆ ಕೈಯಲ್ಲೇ ಮುರಿದು ತಿಂತಾರಂತೆ. ಜರ್ಮನಿಯಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವಳು.

ನವೆಂಬರ್‌ನಲ್ಲಿ ಒಂದು ಶನಿವಾರ ರೈಲಲ್ಲಿ ಹೋಗುವಾಗ ಹೊಲದ ಅಂಚಿನಲ್ಲಿ ಮಣ್ಣು ಮೆತ್ತಿದ ಗೆಡ್ಡೆಗಳ ರಾಶಿ ಕಂಡಿತು. ನಮ್ಮ ಆಲೆಮನೆ ಮುಂದೆ ಕಬ್ಬು ಒಟ್ಟುತ್ತಾರಲ್ಲ, ಅಷ್ಟೆತ್ತರ, ಉದ್ದಕ್ಕೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯನ್ನು ನನ್ನ ಹರಕು ಜರ್ಮನ್‌ನಲ್ಲಿ ಕೇಳಿದೆ. "ಸಕ್ಕರೆ" ಅಂದರು. ಸಕ್ಕರೆ ಬೀಟ್‌ರೂಟ್! ಅವತ್ತು ಸಂಜೆ ಅದನ್ನೇ ಓದುತ್ತಾ ಕೂತೆ. ಗೆಡ್ಡೆಯಲ್ಲಿ ಇರೋದು ಕಬ್ಬಿನಲ್ಲಿರುವ ಸಕ್ಕರೆಯೇ ಅಂತ ಬರ್ಲಿನ್ನಿನ ಮಾರ್ಗ್‌ಗ್ರಾಫ್ ಎಂಬ ವಿಜ್ಞಾನಿ ಕಂಡುಹಿಡಿದದ್ದು 1747ರಲ್ಲಿ. ಮೊದಲ ಕಾರ್ಖಾನೆ ಕಟ್ಟಿದ್ದು 1801ರಲ್ಲಿ. ಅಪ್ಪನಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಅಲ್ಲಿವರೆಗೆ "ಊಟ ಆಯ್ತಾ, ಚಳಿ ಜಾಸ್ತೀನಾ" ಅನ್ನೋದಷ್ಟೇ ಕೇಳುತ್ತಿದ್ದ ಅಪ್ಪ ಅವತ್ತು ಮುಕ್ಕಾಲು ಗಂಟೆ ಮಾತಾಡಿದರು. ಎಷ್ಟು ತಿಂಗಳ ಬೆಳೆ? ವಸಂತದಲ್ಲಿ ಬಿತ್ತಿ ಸೆಪ್ಟೆಂಬರ್‌ನಿಂದ ಕೀಳ್ತಾರೆ. ಸಕ್ಕರೆ ಎಷ್ಟು? ನೂರು ಕೆಜಿ ಗೆಡ್ಡೆಯಲ್ಲಿ ಹದಿನಾರರಿಂದ ಹದಿನೆಂಟು. "ಕೂಳೆ ಬುಡಂಗಿಲ್ವಾ?" ಕಬ್ಬು ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆಗೆ ನಾವು ಕೂಳೆ ಅಂತೀವಿ. ಇಲ್ಲ, ಕಿತ್ತರೆ ಮುಗೀತು, ಅದೇ ಹೊಲಕ್ಕೆ ಮತ್ತೆ ಮೂರು ನಾಲ್ಕು ವರ್ಷ ಹಾಕೋದಿಲ್ಲ. ಅಪ್ಪನಿಗೆ ಅದು ಬಹಳ ಹಿಡಿಸಿತು. ಭೂಮಿಗೆ ಬಿಡುವು ಕೊಡ್ತಾರೆ ಅಂದರು.

ಓದಿನ ವಿಷಯಕ್ಕೆ ಬರ್ತೀನಿ. ಪಾಠ ಚೆನ್ನಾಗಿತ್ತು. ತರಗತಿ ಮುಗಿದಾಗ ಎಲ್ಲರೂ ಬೆರಳ ಗೆಣ್ಣಿನಿಂದ ಬೆಂಚು ಕುಟ್ಟಿ ಮೇಷ್ಟರಿಗೆ ಮೆಚ್ಚುಗೆ ತೋರಿಸುವುದು ನನಗೆ ತುಂಬಾ ಇಷ್ಟವಾಯಿತು. ಕಷ್ಟ ಬಂದದ್ದು ಕಾಗದದಲ್ಲಿ. ಅಲ್ಲಿ ಒಂದು ಸೆಮಿಸ್ಟರ್‌ಗೆ 30 ಇಸಿಟಿಎಸ್ ಕ್ರೆಡಿಟ್, ಅದು ಯುರೋಪಿನ ಕಾಲೇಜುಗಳ ಕ್ರೆಡಿಟ್ ಲೆಕ್ಕ. ಯಾವ ಯಾವ ವಿಷಯ ಓದ್ತೀನಿ ಅಂತ ಹೊರಡುವ ಮೊದಲೇ ಎರಡೂ ಕಡೆಯವರ ಸಹಿ ಹಾಕಿಸಿದ್ದೆ. ಹೋದ ಮೇಲೆ ಎರಡು ವಿಷಯ ಒಂದೇ ಹೊತ್ತಿಗೆ ಬಂದವು. ಒಂದನ್ನು ಬದಲಾಯಿಸಿ, ಕಾಲೇಜಿಗೆ ಸುಮ್ನೆ ಒಂದು ಮೇಲ್ ಹಾಕಿದೆ. ವಾಪಸ್ ಬಂದಾಗ ಆ ವಿಷಯದ ಕ್ರೆಡಿಟ್ ಸಿಕ್ಕಿಕೊಂಡಿತು. ಎಕ್ಸಾಮ್ ಸೆಕ್ಷನ್ನಿಗೆ ಎರಡು ತಿಂಗಳು ಅಲೆದೆ. ಸಿಲಬಸ್ ತರಿಸಿ, ಗಂಟೆಗಳ ಲೆಕ್ಕ ತೋರಿಸಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿದ ಮೇಲೆ ಬಿಡುಗಡೆ ಆಯಿತು. ಹೋಗುವವರು ದಯವಿಟ್ಟು ವಿಷಯ ಬದಲಾದ ವಾರವೇ ಹೊಸ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಿ. ಅಲ್ಲಿ 1.0 ಅತಿ ಒಳ್ಳೆಯ ಅಂಕ, 4.0 ಬಂದರೆ ಪಾಸು. ನನ್ನ 1.7 ನೋಡಿ ಅಮ್ಮ ಗಾಬರಿಯಾಗಿದ್ದರು. ಆ ಅಂಕಪದ್ಧತಿಯ ವಿವರಣೆಯನ್ನೂ ಜೊತೆಗೆ ತನ್ನಿ.

ಇನ್ನೊಂದು. ನಾನು ಹೋದದ್ದು ಏಳನೇ ಸೆಮಿಸ್ಟರ್‌ನಲ್ಲಿ. ನಮ್ಮಲ್ಲಿ ಕೆಲಸಕ್ಕೆ ಆರಿಸಿಕೊಳ್ಳೋಕೆ ಕ್ಯಾಂಪಸ್‌ಗೆ ಕಂಪನಿಗಳು ಬಂದದ್ದೂ ಆಗಲೇ. ಆಯ್ಕೆ ಇದ್ದರೆ ಐದನೆಯದರಲ್ಲೇ ಹೋಗಿ. ಹೊರಡುವ ಮುಂಚೆ ಅಲ್ಲಿನ ನಗರ ಕಚೇರಿಯಲ್ಲಿ ವಿಳಾಸ ರದ್ದು ಮಾಡಿಸಿ, ವಿಮೆ ನಿಲ್ಲಿಸೋಕೆ ಆ ಚೀಟಿ ಬೇಕಾಗುತ್ತೆ. ರೂಮಿನ ಅಡ್ವಾನ್ಸ್ ವಾಪಸ್ ಬರೋವರೆಗೆ ಬ್ಯಾಂಕ್ ಖಾತೆ ಮುಚ್ಚಬೇಡಿ.

ಬರೋದಕ್ಕೆ ಇಷ್ಟೆಲ್ಲ ತಯಾರಿ ಮಾಡಿದ್ದೆ. ಬಂದ ಮೇಲೆ ಹೇಗಿರಬೇಕು ಅನ್ನೋದಕ್ಕೆ ಮಾಡಿರಲಿಲ್ಲ. ಮೊದಲ ದಿನ ಉಪ್ಸಾರು ಮುದ್ದೆ ತಿಂದು ಅತ್ತೆ. ಎರಡನೇ ದಿನ ಮಧ್ಯಾಹ್ನ ರೂಮಿನ ಬಾಗಿಲು ಹಾಕಿಕೊಂಡು ಮಲಗಿದೆ. ಐದು ನಿಮಿಷಕ್ಕೆ ಅಮ್ಮ ತಟ್ಟಿದರು. "ಯಾಕವ್ವ ಬಾಗ್ಲಾಕ್ಕೊಂಡೆ? ಯಾರಾದ್ರೂ ಏನಾದ್ರೂ ಅಂದ್ರಾ?" ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕೋದಿಲ್ಲ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆರು ತಿಂಗಳು ಒಬ್ಬಳೇ ಇದ್ದ ಕೈ ತಾನಾಗಿ ಚಿಲಕ ಹಾಕಿತ್ತು. ಅಮ್ಮನ ಮುಖದಲ್ಲಿದ್ದ ಹೆದರಿಕೆ ನೋಡಿ ಎದ್ದು ಹೊರಗೆ ಬಂದೆ. ನೆಂಟರು, ಅಕ್ಕಪಕ್ಕದವರು "ಹೆಂಗಿತ್ತವ್ವ?" ಅಂತ ಕೇಳಿದರು. "ಚೆನ್ನಾಗಿತ್ತು" ಅಂದೆ. ಅಲ್ಲಿಗೆ ಮಾತು ಮುಗೀತಿತ್ತು. ಆರು ತಿಂಗಳನ್ನು ಎಲ್ಲಿಂದ ಶುರು ಮಾಡಿ ಹೇಳೋದು, ಅಲ್ವಾ?

ಒಂದು ವಾರ ಕಳೆದ ಮೇಲೆ ಜಗಲಿಯಲ್ಲಿ ಅಪ್ಪ ತಮ್ಮ ಪುಸ್ತಕ ಬರೆಯುತ್ತಾ ಕೂತಿದ್ದರು. ನನ್ನದನ್ನೂ ತಂದು ಪಕ್ಕದಲ್ಲಿಟ್ಟೆ. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಹಾಳೆ ತಿರುವಿದರು. ಬಾಟಲಿ ಕಾಸು ಎಂದರೇನು? ಭಾನುವಾರ ಯಾಕೆ ಖರ್ಚೇ ಇಲ್ಲ? ಅಂಗಡಿ ಮುಚ್ಚಿರ್ತವೆ ಅಪ್ಪ. ಈ ಸುಡಾನ್ ಹುಡುಗಿ ಮನೆಗೆ ಹೋದಳಾ? ಇಲ್ಲ, ಅವರಲ್ಲಿ ಯುದ್ಧ. ಪ್ರತಿ ಸಾಲಿಗೂ ಒಂದು ಪ್ರಶ್ನೆ, ಪ್ರತಿ ಪ್ರಶ್ನೆಗೂ ನನ್ನ ಹತ್ತಿರ ಒಂದು ಕಥೆ. ಅಮ್ಮನೂ ಅವರೆಕಾಯಿ ಮೊರ ಹಿಡಿದು ಬಂದು ಕೂತರು.

ಡಿಸೆಂಬರ್ 26ರ ಹಾಳೆಯಲ್ಲಿ ಅಪ್ಪನ ಬೆರಳು ನಿಂತಿತು. ಕ್ರಿಸ್‌ಮಸ್ ರಜೆಗೆ ಹಾಸ್ಟೆಲ್ ಖಾಲಿಯಾಗಿದ್ದ ದಿನ. ಖರ್ಚು ಸೊನ್ನೆ. ಕೆಳಗೆ, "ಇವತ್ತು ಯಾರ ಜೊತೆಯೂ ಮಾತಾಡಲಿಲ್ಲ."

"ಅವತ್ತು ನಾನು ಫೋನ್ ಮಾಡಿರ್ನಿಲ್ವಾ?"

"ಮಾಡಿದ್ದೆ ಕಣಪ್ಪ. ನಾನೇ ಎತ್ತಲಿಲ್ಲ. ಎತ್ತಿದ್ರೆ ಅಳು ಬರ್ತಿತ್ತು."

ಅಪ್ಪ ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದರು. ಆಮೇಲೆ ಹಾಳೆ ತಿರುವಿ ಕೇಳಿದರು, "ಆ ಗೆಡ್ಡೆಗೆ ನೀರು ಎಷ್ಟು ಸಲ ಕಟ್ತಾರೆ ಅಂದೆ?"