14 ಡಾಲ್ಟನ್ ಎಲ್ಲಿ ಸೇರಿದೆ?

ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಬೆಳೆಸಿದ ಫ್ಲಾಸ್ಕ್ ಅಲ್ಲಾಡಿಸಿದರೆ ನೊರೆ ಕುತ್ತಿಗೆವರೆಗೂ ಏರುತ್ತಿತ್ತು. ಸರ್ಫ್ಯಾಕ್ಟಿನ್ ಇರಬೇಕೆಂಬ ಊಹೆ ಮೊದಲಿನಿಂದಲೂ ಇತ್ತು. 1968ರಲ್ಲಿ ವರದಿಯಾದ ಈ ಲಿಪೊಪೆಪ್ಟೈಡ್ (ಏಳು ಅಮೈನೋ ಆಮ್ಲಗಳ ಸರಣಿಗೆ ಒಂದು ಕೊಬ್ಬಿನಾಮ್ಲ ಸೇರಿ ಉಂಗುರವಾದ ಅಣು) ನೀರಿನ ಮೇಲ್ಮೈ ಎಳೆತವನ್ನು ಮೀಟರಿಗೆ 72 ಮಿಲಿನ್ಯೂಟನ್‌ನಿಂದ ಸುಮಾರು 27ಕ್ಕೆ ಇಳಿಸುತ್ತದೆ. ಆದರೆ ನೊರೆ ನೋಡಿ ರಚನೆ ಬರೆಯಲಾಗದು.

ಜೀವಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಬೇರ್ಪಡಿಸಿ, ಉಳಿದ ದ್ರವದ ಪಿಎಚ್ ಅನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ 2ಕ್ಕೆ ಇಳಿಸಿದೆ. ತಳಕ್ಕಿಳಿದ ಗಷ್ಟನ್ನು ಮೆಥನಾಲ್‌ನಲ್ಲಿ ಕರಗಿಸಿ ಎಚ್‌ಪಿಎಲ್‌ಸಿಯಲ್ಲಿ (ದ್ರವದಲ್ಲಿ ಹರಿಸಿ ಪದಾರ್ಥಗಳನ್ನು ಬೇರ್ಪಡಿಸುವ ಯಂತ್ರ) ಶುದ್ಧ ಮಾಡಿಕೊಂಡೆ.

ಅಯಾನುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ 1008, 1022, 1036 ಎಂಬ ಮೂರು ಪೀಕ್‌ಗಳು. ಪ್ರತಿಯೊಂದಕ್ಕೂ ಪ್ರೋಟಾನ್ ಬದಲು ಸೋಡಿಯಂ ಅಂಟಿದ, 22 ಹೆಚ್ಚಿನ ಜೊತೆಗಾರ. ಮೂರರ ನಡುವಿನ ಅಂತರ 14 ಡಾಲ್ಟನ್ (ಅಣುತೂಕದ ಏಕಮಾನ), ಅಂದರೆ ಒಂದು ಮೆಥಿಲೀನ್ (CH2). ಇಲ್ಲೇ ಎಚ್ಚರ ಬೇಕು. ಕೊಬ್ಬಿನಾಮ್ಲದ ಸರಪಳಿ ಒಂದು ಇಂಗಾಲದಷ್ಟು ಉದ್ದವಾದರೂ 14 ಹೆಚ್ಚುತ್ತದೆ, ವ್ಯಾಲಿನ್ ಜಾಗಕ್ಕೆ ಲ್ಯೂಸಿನ್ ಬಂದರೂ ಅಷ್ಟೇ ಹೆಚ್ಚುತ್ತದೆ. ಒಟ್ಟು ತೂಕ ಇವೆರಡನ್ನೂ ಬೇರ್ಪಡಿಸಿ ಹೇಳುವುದಿಲ್ಲ.

ಹಾಗಾಗಿ ಮೂರೂ ಅಯಾನುಗಳನ್ನು ಒಡೆದು ನೋಡಿದೆ. ಮೂರರಿಂದಲೂ 685ರ ಚೂರು ಬಂತು. ಎರಡನೆಯದರಿಂದ ಏಳನೆಯದರವರೆಗಿನ ಆರು ಅಮೈನೋ ಆಮ್ಲಗಳು, ಜೊತೆಗೆ ಒಂದು ನೀರು, ಒಂದು ಪ್ರೋಟಾನ್: ಲೆಕ್ಕ ಸರಿಯಾಗಿ ಕೂಡಿತು. ಏಳನೆಯ ಸ್ಥಾನದಲ್ಲಿ ವ್ಯಾಲಿನ್ ಇದ್ದಿದ್ದರೆ 671 ಬರಬೇಕಿತ್ತು. ಅಂದರೆ 14ರ ವ್ಯತ್ಯಾಸ ಈ ಆರರಲ್ಲಿಲ್ಲ.

ಇಷ್ಟಾದರೂ ಮೊದಲ ಅಮೈನೋ ಆಮ್ಲವಾದ ಗ್ಲುಟಾಮಿಕ್ ಆಮ್ಲದ ಮೇಲಿನ ಅನುಮಾನ ಹೋಗಲಿಲ್ಲ. ಅದು ಮೀಥೈಲ್ ಎಸ್ಟರ್ ಆದರೂ 14 ಹೆಚ್ಚುತ್ತದೆ, ಆಮ್ಲ ಉಳಿದ ಮೆಥನಾಲ್‌ನಲ್ಲಿ ಹಾಗಾಗಲು ಅವಕಾಶವೂ ಉಂಟು. ಅಣುವನ್ನು ಆಮ್ಲದಲ್ಲಿ ಪೂರ್ತಿ ಒಡೆದು, ಕೊಬ್ಬಿನಾಮ್ಲಗಳನ್ನು ಮೀಥೈಲ್ ಎಸ್ಟರ್ ಮಾಡಿ ಜಿಸಿ-ಎಂಎಸ್‌ಗೆ (ಅನಿಲರೂಪದಲ್ಲಿ ಬೇರ್ಪಡಿಸಿ ತೂಕ ನೋಡುವ ಯಂತ್ರ) ಕೊಟ್ಟೆ. 13, 14, 15 ಇಂಗಾಲದ ಸರಪಳಿಗಳು ಬೇರೆ ಬೇರೆಯಾಗಿ ಹೊರಬಂದವು. ಎಲ್ಲದರಲ್ಲೂ 103ರ ಪೀಕ್ ಎದ್ದು ಕಾಣುತ್ತಿತ್ತು. ಹೈಡ್ರಾಕ್ಸಿಲ್ ಮೂರನೆಯ ಇಂಗಾಲದ ಮೇಲಿದೆ ಎಂಬುದರ ಗುರುತು ಅದು. ನನಗೆ ಅತ್ಯಂತ ಖುಷಿ ಕೊಟ್ಟ ಸ್ಪೆಕ್ಟ್ರಮ್ ಇದೇ.

ಉಂಗುರ ಮುಚ್ಚಿದೆಯೇ ಎಂಬುದನ್ನು ಪರಮಾಣುಗಳ ಸುತ್ತಲಿನ ಪರಿಸರ ತೋರಿಸುವ ಎನ್‌ಎಂಆರ್ ತಿಳಿಸಿತು. ಆ ಮೂರನೆಯ ಇಂಗಾಲದ ಪ್ರೋಟಾನ್ 5 ಪಿಪಿಎಂ ಹತ್ತಿರವಿತ್ತು. ಹೈಡ್ರಾಕ್ಸಿಲ್ ಬಿಡಿಯಾಗಿದ್ದರೆ 4ರ ಆಸುಪಾಸಿನಲ್ಲಿ ಇರಬೇಕಿತ್ತು. ಅದರಿಂದ ಕೊನೆಯ ಲ್ಯೂಸಿನ್‌ನ ಕಾರ್ಬೊನಿಲ್‌ಗೆ ಎಚ್‌ಎಂಬಿಸಿಯಲ್ಲಿ (ಎರಡು-ಮೂರು ಬಂಧಗಳಾಚೆಯ ನಂಟು ತೋರಿಸುವ ಎನ್‌ಎಂಆರ್ ಪ್ರಯೋಗ) ಕೊಂಡಿಯೂ ಸಿಕ್ಕಿತು. ಕ್ಷಾರ ಹಾಕಿ ಉಂಗುರ ಬಿಚ್ಚಿದಾಗ ತೂಕ ಒಂದು ನೀರಿನಷ್ಟು, ಅಂದರೆ 18 ಏರಿತು.

ಉಳಿದದ್ದು ಎಡ-ಬಲದ ಪ್ರಶ್ನೆ: ಅಮೈನೋ ಆಮ್ಲಗಳು ಎಲ್ ರೂಪದವೋ, ಅದರ ಕನ್ನಡಿ ಬಿಂಬವಾದ ಡಿ ರೂಪದವೋ? ಈ ಎರಡು ರೂಪಗಳನ್ನು ಬೇರ್ಪಡಿಸಲು ನೆರವಾಗುವ ಮಾರ್ಫಿ ಕಾರಕದಿಂದ ನೋಡಿದರೆ ನಾಲ್ಕು ಲ್ಯೂಸಿನ್‌ಗಳಲ್ಲಿ ಎರಡು ಎಲ್, ಎರಡು ಡಿ. ಯಾವುದು ಎಲ್ಲಿದೆ ಎಂಬುದು ಆ ಪರೀಕ್ಷೆಯಿಂದ ತಿಳಿಯದು. ಅದಕ್ಕೆ ಬ್ಯಾಕ್ಟೀರಿಯಾದ ಜೀನ್‌ಗಳನ್ನೇ ಓದಿದೆ: ಎಪಿಮರೈಸೇಶನ್ ಡೊಮೈನ್‌ಗಳು (ಎಲ್ ಅನ್ನು ಡಿ ಆಗಿಸುವ ಭಾಗಗಳು) ಮೂರನೆಯ ಮತ್ತು ಆರನೆಯ ಮಾಡ್ಯೂಲ್‌ಗಳಲ್ಲಿದ್ದವು (ಒಂದೊಂದು ಮಾಡ್ಯೂಲ್ ಒಂದೊಂದು ಅಮೈನೋ ಆಮ್ಲ ಸೇರಿಸುವ ಕಿಣ್ವದ ಘಟಕ). ಡಿ-ಲ್ಯೂಸಿನ್‌ಗಳನ್ನು ಆ ಎರಡು ಸ್ಥಾನಗಳಲ್ಲಿ ಬರೆದೆ.