ಸದ್ದಡಗಿದ ಆನ್‌ಲೈನ್ ಸ್ನೇಹಿತರಿಗೆ ಸುದ್ದಿ ಮುಟ್ಟಿಸುವ ಬಗೆ

2019ರ ಡಿಸೆಂಬರ್ ಮೊದಲ ವಾರದಲ್ಲಿ, ಕಾಶ್ಮೀರದ ಗೆಳೆಯರಿದ್ದ ಅನೇಕ ವಾಟ್ಸಾಪ್ ಗುಂಪುಗಳಲ್ಲಿ ಒಬ್ಬರ ಹಿಂದೊಬ್ಬರು ಗುಂಪು ತೊರೆದರೆಂಬ ಸೂಚನೆ ಸಾಲುಸಾಲಾಗಿ ಮೂಡತೊಡಗಿತು. ಕಾರಣ ತಿಳಿಯದವರಿಗೆ ಅವರೆಲ್ಲ ಮುನಿಸಿಕೊಂಡು ಎದ್ದುಹೋದಂತೆ ಕಂಡಿರಬೇಕು. ವಾಸ್ತವದಲ್ಲಿ ಅವರಾರೂ ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಆಗಸ್ಟ್ ಆರಂಭದಿಂದ ಕಣಿವೆಯಲ್ಲಿ ಇಂಟರ್ನೆಟ್ ನಿಂತುಹೋಗಿತ್ತು. ಸತತ 120 ದಿನ ಸಂಪರ್ಕಕ್ಕೆ ಬಾರದ ಖಾತೆಯನ್ನು ವಾಟ್ಸಾಪ್ ತಾನಾಗಿಯೇ ಅಳಿಸುತ್ತದೆ. ಆ 120 ದಿನಗಳ ಲೆಕ್ಕ ಡಿಸೆಂಬರ್ ಮೊದಲ ವಾರಕ್ಕೆ ತುಂಬಿತ್ತು. ಸುದ್ದಿಯಿಲ್ಲದ ಗೆಳೆಯರ ವಿಷಯದಲ್ಲಿ ತೀರ್ಮಾನಕ್ಕೆ ಬರುವ ಮೊದಲು ನಾನು ಈ ಘಟನೆಯನ್ನು ನೆನಪಿಸಿಕೊಳ್ಳುತ್ತೇನೆ. ಪರದೆಯ ಮೇಲಿನ ಮೌನಕ್ಕೆ ನಾವು ಕೊಡುವ ಅರ್ಥ ಬಹುಪಾಲು ನಮ್ಮದೇ ಕಲ್ಪನೆಯಾಗಿರುತ್ತದೆ.

ಪಕ್ಕದ ಮನೆಯವರು ನಾಲ್ಕು ದಿನ ಕಾಣದಿದ್ದರೆ ಬಾಗಿಲಿನ ಬೀಗವೋ, ಹೊಸ್ತಿಲ ಬಳಿ ಬಿದ್ದ ಹಾಲಿನ ಪ್ಯಾಕೆಟ್ಟೋ, ರಂಗೋಲಿಯಿಲ್ಲದ ಅಂಗಳವೋ ಏನಾದರೊಂದು ಸಂಗತಿಯನ್ನು ತಿಳಿಸುತ್ತದೆ. ಮುಖತಃ ಎಂದೂ ಭೇಟಿಯಾಗದ, ಊರಿನ ಹೆಸರಿನ ಹೊರತು ವಿಳಾಸವೂ ತಿಳಿಯದ ಆನ್‌ಲೈನ್ ಗೆಳೆಯರ ವಿಷಯದಲ್ಲಿ ಅಂತಹ ಬಾಗಿಲೇ ಇಲ್ಲ. ಆದ್ದರಿಂದ ಇರುವ ಸಣ್ಣಪುಟ್ಟ ಗುರುತುಗಳನ್ನು ನಿಧಾನವಾಗಿ ಓದುವುದನ್ನು ಕಲಿಯಬೇಕಾಗುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಸಿರ್ಸಿಯ ಕಡೆಯ ಒಬ್ಬರೊಂದಿಗೆ ನಾನು ಲಿಚೆಸ್ ಎಂಬ ಚದುರಂಗದ ಜಾಲತಾಣದಲ್ಲಿ ಒಂದು ನಡೆಗೆ ಮೂರು ದಿನಗಳ ಗಡುವಿನ ಚದುರಂಗ ಆಡುತ್ತಿದ್ದೆ. ಆಟದ ನಡುವೆ ವಾಟ್ಸಾಪ್‌ನಲ್ಲಿ ಅಡಿಕೆಯ ದರದಿಂದ ಹಿಡಿದು ಮಕ್ಕಳ ಓದಿನವರೆಗೆ ಮಾತು ಬೆಳೆಯುತ್ತಿತ್ತು. ಒಂದು ಜುಲೈನಲ್ಲಿ ಅವರ ಉತ್ತರ ಹಠಾತ್ತನೆ ನಿಂತಿತು, ಗೆಲ್ಲುವ ಸ್ಥಿತಿಯಲ್ಲಿದ್ದ ಆಟವನ್ನು ಅವರು ಗಡುವು ಮೀರಿ ಸೋತರು. ನಾನು ಎರಡು ದಿನಗಳಲ್ಲಿ ಹನ್ನೊಂದು ಸಂದೇಶ ಕಳುಹಿಸಿದೆ. ಕೊನೆಯ ಮೂರರಲ್ಲಿ ‘ನನ್ನಿಂದೇನಾದರೂ ತಪ್ಪಾಯಿತೆ’ ಎಂಬ ಪ್ರಶ್ನೆಯೇ ಇತ್ತು. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ವಿದ್ಯುತ್ ಇರುವುದಿಲ್ಲ, ಟವರಿನ ಬ್ಯಾಟರಿ ಬರಿದಾದೊಡನೆ ನೆಟ್‌ವರ್ಕ್ ಕೂಡ ಮಾಯವಾಗುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ನೆಟ್‌ವರ್ಕ್ ಮರಳಿದಾಗ ಹನ್ನೊಂದೂ ಸಂದೇಶಗಳು ಒಟ್ಟಿಗೆ ಅವರ ಮೇಲೆ ಬಿದ್ದವು. ಇಷ್ಟೊಂದು ಆತಂಕಕ್ಕೆ ಏನೆಂದು ಉತ್ತರಿಸುವುದೆಂದು ತೋಚದೆ ಅವರು ಮತ್ತೊಂದು ವಾರ ಸುಮ್ಮನಿದ್ದರಂತೆ.

ಮೊದಲು ಮಾಡಬೇಕಾದದ್ದು ಆ ವ್ಯಕ್ತಿಯ ರೂಢಿಯನ್ನು ಲೆಕ್ಕ ಹಾಕುವುದು. ದಿನವೂ ಬೆಳಿಗ್ಗೆ ಮಾತನಾಡಿಸುವವರು ನಾಲ್ಕು ದಿನ ಕಾಣದಿದ್ದರೆ ಅದು ಗಮನಿಸತಕ್ಕ ಸಂಗತಿ. ಹಬ್ಬಕ್ಕೊಮ್ಮೆ ಬರೆಯುವವರು ಎರಡು ತಿಂಗಳು ಸುಮ್ಮನಿದ್ದರೆ ಅದು ಮೌನವೇ ಅಲ್ಲ. ಹಳೆಯ ಸಂಭಾಷಣೆಯನ್ನು ಮೇಲಕ್ಕೆ ಸರಿಸುತ್ತ ಹೋದರೆ ಅವರು ಹಿಂದೆಯೂ ಹೀಗೆ ಮಾಯವಾಗಿದ್ದರೆ ಎಂಬುದು ಗೊತ್ತಾಗುತ್ತದೆ. ಪರೀಕ್ಷೆ, ಬಾಣಂತನ, ಊರಿನ ಜಾತ್ರೆ, ಮನೆಯ ಹಿರಿಯರ ಅನಾರೋಗ್ಯ ಇಂತಹ ಸಂಗತಿಗಳನ್ನು ಅವರು ಮಾತಿನ ನಡುವೆ ಹೇಳಿ, ನಾವು ಮರೆತಿರುವುದೂ ಉಂಟು.

ನಂತರ ಗುರುತುಗಳು. ವಾಟ್ಸಾಪ್‌ನಲ್ಲಿ ಒಂದೇ ಟಿಕ್ ಇದ್ದರೆ ಸಂದೇಶ ನಮ್ಮಿಂದ ಹೋಗಿದೆ, ಅವರ ಫೋನನ್ನು ಮುಟ್ಟಿಲ್ಲ, ಎರಡು ಬೂದು ಟಿಕ್ ಇದ್ದರೆ ಮುಟ್ಟಿದೆ, ನೀಲಿಯಾದರೆ ತೆರೆದಿದ್ದಾರೆ. ಓದಿದ ಗುರುತನ್ನು ಅವರು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿದ್ದರೆ ಓದಿದ ಮೇಲೂ ಬೂದು ಬಣ್ಣವೇ ಉಳಿಯುತ್ತದೆ. ಡಿಪಿ ಕಾಣದಿರುವುದು, ಲಾಸ್ಟ್ ಸೀನ್ ಇಲ್ಲದಿರುವುದು, ಒಂಟಿ ಟಿಕ್ ಈ ಮೂರೂ ಕೂಡಿದರೆ ಬ್ಲಾಕ್ ಮಾಡಿದ್ದಾರೆಂದು ನಂಬುವವರು ಬಹಳ. ಆದರೆ ಖಾತೆಯ ಗೋಪ್ಯತೆಯನ್ನು ಬಿಗಿ ಮಾಡಿಕೊಂಡು ಫೋನ್ ಕೆಡಿಸಿಕೊಂಡವರಲ್ಲೂ ಇದೇ ಮೂರು ಗುರುತುಗಳು ಕಾಣಸಿಗುತ್ತವೆ. ಬ್ಲಾಕ್ ಮಾಡಿದವರ ಗುಟ್ಟು ಉಳಿಯಲೆಂದೇ ಈ ಅಸ್ಪಷ್ಟತೆಯನ್ನು ಇಡಲಾಗಿದೆ, ಹೀಗಾಗಿ ಖಚಿತ ಉತ್ತರವನ್ನು ಅಲ್ಲಿ ಹುಡುಕುವುದು ವ್ಯರ್ಥ. ಟೆಲಿಗ್ರಾಂನಲ್ಲಿಯೂ ಹೀಗೆಯೇ: ಬಹಳ ಹಿಂದೆ ಕಂಡಿದ್ದರು ಎಂಬ ಸೂಚನೆ ತಿಂಗಳಿಗೂ ಹೆಚ್ಚು ಕಾಲ ಬಾರದವರಿಗೂ ಬರುತ್ತದೆ, ನಮ್ಮನ್ನು ಬ್ಲಾಕ್ ಮಾಡಿದವರಿಗೂ ಬರುತ್ತದೆ. ಇನ್ನೊಂದು ಮಾತು: ನಮ್ಮ ಲಾಸ್ಟ್ ಸೀನ್ ಅನ್ನು ನಾವೇ ಮುಚ್ಚಿಟ್ಟಿದ್ದರೆ ಇತರರದೂ ನಮಗೆ ಕಾಣುವುದಿಲ್ಲ. ಗಾಬರಿಯಾಗುವ ಮುನ್ನ ನಮ್ಮ ಸೆಟ್ಟಿಂಗ್ ನೋಡಿಕೊಳ್ಳುವುದು ಒಳ್ಳೆಯದು.

ಬಹಳ ಮಂದಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ತಲುಪದ ಸಂದೇಶವನ್ನು ವಾಟ್ಸಾಪ್ ತನ್ನ ಸರ್ವರಿನಲ್ಲಿ ಕಾಯ್ದಿಡುವುದು 30 ದಿನ ಮಾತ್ರ. ಆಮೇಲೆ ಅದನ್ನು ಅಳಿಸಿಬಿಡುತ್ತದೆ. ಎಂದರೆ ಗೆಳೆಯರು ನಲವತ್ತನೆಯ ದಿನ ಫೋನ್ ರಿಪೇರಿ ಮಾಡಿಸಿಕೊಂಡು ಬಂದರೂ ನಾವು ಬರೆದದ್ದು ಅವರಿಗೆ ಸಿಗುವುದಿಲ್ಲ, ನಾವು ಮಾತ್ರ ಒಂಟಿ ಟಿಕ್ಕನ್ನು ನೋಡುತ್ತ, ಬರೆದಾಗಿದೆಯಲ್ಲ ಎಂದು ಕುಳಿತಿರುತ್ತೇವೆ. ಆದ್ದರಿಂದ ಒಂಟಿ ಟಿಕ್ಕಿಗೆ ತಿಂಗಳು ತುಂಬಿದ ಮೇಲೆ ಹೊಸದಾಗಿ ಒಂದು ಸಂದೇಶ ಕಳುಹಿಸಲೇಬೇಕು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿ ಬೇರೆಯದೇ ತೊಡಕಿದೆ: ಗೆಳೆತನದ ಪಟ್ಟಿಯಲ್ಲಿಲ್ಲದವರು ಬರೆದದ್ದು ಮನವಿಗಳ ಪ್ರತ್ಯೇಕ ಪೆಟ್ಟಿಗೆಗೆ ಬೀಳುತ್ತದೆ, ಅನೇಕರು ಅದನ್ನು ತೆರೆಯುವುದೇ ಇಲ್ಲ.

ಫೋನ್ ಸಂಖ್ಯೆ ಇದ್ದು, ಹಿಂದೆ ಕರೆ ಮಾಡುವ ಸಲಿಗೆಯೂ ಇದ್ದಲ್ಲಿ ಸಾಮಾನ್ಯ ಕರೆಯೊಂದನ್ನು ಮಾಡಬಹುದು. ಸ್ವಿಚ್ ಆಫ್ ಆಗಿದೆ, ವ್ಯಾಪ್ತಿ ಪ್ರದೇಶದ ಹೊರಗಿದೆ, ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂಬ ಮೂರು ಧ್ವನಿಮುದ್ರಿತ ಉತ್ತರಗಳು ಮೂರು ಬೇರೆ ಕಥೆಗಳನ್ನು ಹೇಳುತ್ತವೆ.

ನೀವು ಪರಿಚಯವಾದ ಜಾಗಕ್ಕೆ ಮರಳಿ ಹೋಗಿ ನೋಡುವುದು ಇದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಲಿಚೆಸ್‌ನಲ್ಲಿ ಒಬ್ಬರು ಕೊನೆಗೆ ಯಾವಾಗ ಬಂದಿದ್ದರೆಂಬುದು ಅವರ ಪುಟದಲ್ಲಿ ಕಾಣುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ಪ್ರತಿ ಬಳಕೆದಾರರ ಕೊಡುಗೆಗಳ ಪಟ್ಟಿ ದಿನಾಂಕ, ಗಂಟೆ, ನಿಮಿಷಗಳ ಸಹಿತ ಎಲ್ಲರಿಗೂ ತೆರೆದಿರುತ್ತದೆ; ನಿನ್ನೆ ರಾತ್ರಿ ಯಾವುದೋ ದೇವಸ್ಥಾನದ ಲೇಖನದಲ್ಲಿ ಒಂದು ದೀರ್ಘ ಸ್ವರವನ್ನು ತಿದ್ದಿದ್ದಾರೆಂದು ಕಂಡರೆ ಅರ್ಧ ಚಿಂತೆ ಕಳೆಯಿತು. ಅಲ್ಲಿ ಇಮೇಲ್ ಸೌಲಭ್ಯವನ್ನು ತೆರೆದಿಟ್ಟವರಿಗೆ ಅವರ ವಿಳಾಸ ತಿಳಿಯದೆಯೂ ಪತ್ರ ಕಳುಹಿಸಬಹುದು, ನಮ್ಮ ವಿಳಾಸ ಮಾತ್ರ ಅವರಿಗೆ ತಿಳಿಯುತ್ತದೆ. ಉತ್ತರಿಸುವುದೂ ಬಿಡುವುದೂ ಅವರ ಕೈಯಲ್ಲೇ ಉಳಿಯುವುದರಿಂದ ಈ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ.

ಇನ್ನು ಬರೆಯುವುದು ಹೇಗೆ ಎಂಬ ಮುಖ್ಯ ವಿಷಯ. ನಮ್ಮ ಹಿರಿಯರ ಇನ್‌ಲ್ಯಾಂಡ್ ಪತ್ರಗಳಲ್ಲಿ ‘ಉಭಯ ಕುಶಲೋಪರಿ’ ಎಂಬ ಒಕ್ಕಣೆ ಇರುತ್ತಿತ್ತು: ಮೊದಲು ಇತ್ತ ನಾವು ಕ್ಷೇಮ, ಆಮೇಲೆ ನಿಮ್ಮ ಕ್ಷೇಮ ಸಮಾಚಾರಕ್ಕೆ ಕಾಗದ ಬರೆಯಿರಿ. ಶಾಲೆಯಲ್ಲಿ ಪತ್ರಲೇಖನ ಕಲಿಯುವಾಗ ಇದು ಒಣ ಶಿಷ್ಟಾಚಾರವೆಂದು ನಗುತ್ತಿದ್ದೆವು. ಈಗ ನೋಡಿದರೆ ಇದರಲ್ಲಿ ಒಳ್ಳೆಯ ಜಾಣತನವಿದೆ. ಬರೆಯುವವರು ಮೊದಲು ತಮ್ಮ ಸುದ್ದಿ ಕೊಟ್ಟುಬಿಡುತ್ತಾರೆ, ಕೇಳುವುದು ಆಮೇಲೆ, ಗಡುವಂತೂ ಇಲ್ಲವೇ ಇಲ್ಲ. ‘ಎಲ್ಲಿದ್ದೀರಿ, ಯಾಕೆ ಉತ್ತರವಿಲ್ಲ’ ಎಂಬ ಸಂದೇಶವನ್ನು ಓದಿದವರು ಉತ್ತರಿಸುವ ಮೊದಲು ಸಮಜಾಯಿಷಿಯನ್ನು ಸಿದ್ಧಪಡಿಸಬೇಕಾಗುತ್ತದೆ. ಮನಸ್ಸು ಕುಗ್ಗಿದವರಿಗೆ, ಕೆಲಸ ಕಳೆದುಕೊಂಡವರಿಗೆ, ಮನೆಯಲ್ಲಿ ಸಾವು ಕಂಡವರಿಗೆ ಆ ಸಮಜಾಯಿಷಿಯೇ ಬೆಟ್ಟದಂತೆ ಕಂಡು, ನಾಳೆ ಬರೆದರಾಯಿತೆಂದು ಮುಂದೂಡುತ್ತ, ತಡವಾದಷ್ಟೂ ಹೆಚ್ಚು ನಾಚಿಕೆಪಟ್ಟುಕೊಂಡು, ಕೊನೆಗೆ ಆ ಸಂಭಾಷಣೆಯನ್ನು ತೆರೆಯುವುದನ್ನೇ ಬಿಡುತ್ತಾರೆ.

ನಾನು ಈಗ ಬರೆಯುವುದು ಸುಮಾರು ಹೀಗೆ: ‘ನಮಸ್ಕಾರ, ನಿಮ್ಮೊಂದಿಗೆ ಚದುರಂಗ ಆಡುವ ಧಾರವಾಡದವನು. ಇಲ್ಲಿ ಎಲ್ಲರೂ ಕ್ಷೇಮ, ಮಳೆ ಇವತ್ತಷ್ಟೇ ಬಿಡುವು ಕೊಟ್ಟಿದೆ. ಕಳೆದ ಆಟದಲ್ಲಿ ನಿಮ್ಮ ಕುದುರೆಗೆ ನಾನು ಹೆದರಿದ್ದು ನಿಜ. ಬಿಡುವಾದಾಗ ಬರೆಯಿರಿ, ಅವಸರವೇನೂ ಇಲ್ಲ.’ ಮೊದಲ ಸಾಲಿನ ಪರಿಚಯ ಅನಗತ್ಯವೆನಿಸಬಹುದು, ಆದರೆ ಫೋನ್ ಕಳೆದುಕೊಂಡವರ ಹೊಸ ಫೋನಿನಲ್ಲಿ ನಮ್ಮ ಹೆಸರು ಇರುವುದಿಲ್ಲ, ಬರಿಯ ಹತ್ತು ಅಂಕಿಗಳು ಕಾಣುತ್ತವೆ. ಬೇರೆಲ್ಲೂ ಇಲ್ಲದ ಒಂದು ವಿವರ, ಇಲ್ಲಿಯ ಕುದುರೆಯಂತಹದ್ದು, ಇದು ನೂರು ಜನರಿಗೆ ಕಳುಹಿಸಿದ ಶುಭಾಶಯವಲ್ಲವೆಂದು ತೋರಿಸಿಕೊಡುತ್ತದೆ.

ಎಷ್ಟು ಸಲ ಬರೆಯಬೇಕು? ನನ್ನ ಲೆಕ್ಕದಲ್ಲಿ ಮೊದಲ ಸಂದೇಶದ ಮೂರು ವಾರಗಳ ಬಳಿಕ ಇನ್ನೊಂದು, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ, ಯುಗಾದಿಗೋ ದೀಪಾವಳಿಗೋ ಒಂದು ಸಾಲು. ಅಂಚೆ ವಿಳಾಸ ಗೊತ್ತಿದ್ದರೆ 50 ಪೈಸೆಯ ಪೋಸ್ಟ್‌ಕಾರ್ಡನ್ನು ಮರೆಯಬಾರದು. ಆದರೆ ಅದನ್ನು ಮನೆಯವರೆಲ್ಲ ಓದುತ್ತಾರೆಂಬುದನ್ನು ನೆನಪಿಟ್ಟು, ಗೆಳೆಯರು ಮನೆಯಲ್ಲಿ ಹೇಳಿರದ ಯಾವುದನ್ನೂ ಅದರಲ್ಲಿ ಬರೆಯಬಾರದು.

ಉತ್ತರ ಬರದಿದ್ದಾಗ ಇಬ್ಬರಿಗೂ ಪರಿಚಯವಿರುವ ಒಬ್ಬರನ್ನು ಖಾಸಗಿಯಾಗಿ ವಿಚಾರಿಸಬಹುದು. ‘ಅವರು ಕ್ಷೇಮವೆಂದು ತಿಳಿದರೆ ಸಾಕು, ಕಾರಣ ನನಗೆ ಹೇಳಬೇಕಿಲ್ಲ’ ಎಂಬ ಮಾತನ್ನು ಸೇರಿಸಿದರೆ ಕೇಳಿಸಿಕೊಂಡವರಿಗೂ ಉತ್ತರಿಸುವುದು ಸುಲಭವಾಗುತ್ತದೆ. ಅಮೆರಿಕದಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇರುವ ಕನ್ನಡಿಗರಾದರೆ ಆ ಊರಿನ ಕನ್ನಡ ಕೂಟದಲ್ಲಿ ಯಾರಾದರೊಬ್ಬರಿಗೆ ಪರಿಚಯವಿರುವ ಸಾಧ್ಯತೆ ಹೆಚ್ಚು. ಗುಂಪಿನಲ್ಲಿ ಎಲ್ಲರೆದುರು ‘ಇವರನ್ನು ಯಾರಾದರೂ ನೋಡಿದ್ದೀರಾ’ ಎಂದು ಕೇಳುವುದು, ಫೋಟೋ ಹಾಕಿ ಹುಡುಕಾಟ ನಡೆಸುವುದು ತರವಲ್ಲ. ಕೆಲವರು ಯಾರಿಂದಲೋ ತಪ್ಪಿಸಿಕೊಳ್ಳಲೆಂದೇ ಮರೆಯಾಗಿರುತ್ತಾರೆ.

ಸಂಪರ್ಕ ಬೇಡವೆಂದು ಅವರು ಒಮ್ಮೆ ಸ್ಪಷ್ಟಪಡಿಸಿದರೆ ಹುಡುಕಾಟ ಅಲ್ಲಿಗೆ ಮುಗಿಯಬೇಕು. ಇನ್ನೊಂದು ಸಂಖ್ಯೆಯಿಂದ ಪ್ರಯತ್ನಿಸುವುದು ಸ್ನೇಹವಲ್ಲ. ಮಹಿಳೆಯೊಬ್ಬರು ಅನಾಸಕ್ತಿ ತೋರಿದ ಮೇಲೂ ಪುರುಷನೊಬ್ಬ ಪದೇ ಪದೇ ಸಂಪರ್ಕಿಸುವುದು, ಅವರ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧವೂ ಹೌದು.

ಕಾಯಬಾರದ ಸಂದರ್ಭ ಒಂದೇ. ಕೊನೆಯ ಮಾತುಗಳಲ್ಲಿ ಬದುಕು ಬೇಡವೆಂಬ ಧ್ವನಿಯಿದ್ದರೆ, ವಿದಾಯ ಹೇಳಿದಂತಿದ್ದರೆ, ಅಥವಾ ಮನೆಯಲ್ಲಿ ಹಿಂಸೆಯಾಗುತ್ತಿದೆಯೆಂದು ಹೇಳಿ ಮೌನವಾಗಿದ್ದರೆ ಮೇಲೆ ಹೇಳಿದ ಸಂಯಮವನ್ನೆಲ್ಲ ಬದಿಗಿಟ್ಟು ತಕ್ಷಣ ಕರೆ ಮಾಡಬೇಕು, ಅವರ ಹತ್ತಿರದವರನ್ನು ಹುಡುಕಬೇಕು, ಊರು ಗೊತ್ತಿದ್ದರೆ ತುರ್ತು ಸಂಖ್ಯೆ 112ಕ್ಕೆ ತಿಳಿಸಬೇಕು. ಅವರ ಬಳಿ ಹೇಗೆ ಮಾತನಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ನೀವೇ ಕರೆ ಮಾಡಿ ಕೇಳಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನವಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ವಿದೇಶದಲ್ಲಿರುವವರಿಗಾಗಿ ಆ ದೇಶದ ಸಹಾಯವಾಣಿಗೆ ಅಲ್ಲಿಯೇ ಇರುವ ಒಬ್ಬರಿಂದ ಕರೆ ಮಾಡಿಸುವುದು ಬೇಗ ಆಗುವ ದಾರಿ.

ಅರ್ಧ ವರ್ಷ ದಾಟಿದ ಮೌನದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನಮ್ಮ ದೇಶದಲ್ಲಿ 90 ದಿನ ಬಳಸದೆ ಬಿಟ್ಟ ಪ್ರಿಪೇಯ್ಡ್ ಸಂಖ್ಯೆ ಸ್ಥಗಿತಗೊಳ್ಳಬಹುದು. ಸ್ಥಗಿತವಾಗಿ ಮತ್ತೆ 90 ದಿನ ಕಳೆದ ಮೇಲೆ ಅದನ್ನು ಬೇರೆಯವರಿಗೆ ಕೊಡಲು ಅವಕಾಶವಿದೆ. ಆದ್ದರಿಂದ ಹಳೆಯ ಸಂಖ್ಯೆಗೆ ಮನಸ್ಸಿನ ಮಾತುಗಳನ್ನು ಬರೆಯುವ ಮೊದಲು ಆಚೆ ಇರುವವರು ಅವರೇ ಎಂದು ಖಚಿತಪಡಿಸಿಕೊಳ್ಳಬೇಕು. ವರ್ಷದ ಬಳಿಕ ದಿಢೀರನೆ ಬಂದು ತುರ್ತಾಗಿ ಹಣ ಕೇಳುವ ‘ಗೆಳೆಯ’ರ ವಿಷಯದಲ್ಲಂತೂ ಧ್ವನಿ ಕೇಳಿ, ನೀವಿಬ್ಬರಿಗೇ ಗೊತ್ತಿರುವ ಒಂದು ಸಂಗತಿಯನ್ನು ವಿಚಾರಿಸಿದ ಮೇಲೆಯೇ ಮುಂದುವರಿಯಬೇಕು.

ಇಷ್ಟೆಲ್ಲ ಪಾಡು ಪಡುವುದಕ್ಕಿಂತ, ಗೆಳೆಯರು ಇನ್ನೂ ಮಾತನಾಡುತ್ತಿರುವಾಗಲೇ ಎರಡನೆಯ ದಾರಿಯೊಂದನ್ನು ಮಾಡಿಕೊಳ್ಳುವುದು ಲೇಸು. 2014ರ ಸೆಪ್ಟೆಂಬರ್‌ನಲ್ಲಿ ಆರ್ಕುಟ್, 2018ರ ಜುಲೈನಲ್ಲಿ ಯಾಹೂ ಮೆಸೆಂಜರ್, 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಮುಚ್ಚಿದಾಗ ಅಲ್ಲಿ ಮಾತ್ರ ಪರಿಚಯವಿದ್ದವರನ್ನು ಕಳೆದುಕೊಂಡವರು ನಮ್ಮ ನಡುವೆ ಅನೇಕರಿದ್ದಾರೆ. ಮನುಷ್ಯರು ಇದ್ದಲ್ಲೇ ಇದ್ದರು, ಭೇಟಿಯ ಕಟ್ಟೆ ಇಲ್ಲವಾಯಿತು. ಒಂದು ಇಮೇಲ್ ವಿಳಾಸವನ್ನು ವಿನಿಮಯ ಮಾಡಿಕೊಂಡರೂ ಸಾಕು. ಗೂಗಲ್ ಖಾತೆಯಲ್ಲಿ, ನಾವು 3, 6, 12 ಅಥವಾ 18 ತಿಂಗಳು ಕಾಣದಿದ್ದರೆ ನಾವು ಹೆಸರಿಸಿದ ಹತ್ತು ಜನರವರೆಗೆ ಸುದ್ದಿ ಮುಟ್ಟಿಸುವ ಏರ್ಪಾಡಿದೆ. ಅದರಲ್ಲಿ ಒಬ್ಬ ಆನ್‌ಲೈನ್ ಗೆಳೆಯರನ್ನು ಸೇರಿಸಬಹುದು. ನನಗೆ ಹೆಚ್ಚು ನಂಬಿಕೆಯಿರುವುದು ಬೀರುವಿನಲ್ಲಿಟ್ಟ ಒಂದು ಹಾಳೆಯ ಮೇಲೆ. ನನಗೇನಾದರೂ ಆದರೆ ಯಾರಿಗೆ, ಯಾವ ಗುಂಪಿನಲ್ಲಿ, ಯಾವ ಹೆಸರಿನಿಂದ ತಿಳಿಸಬೇಕೆಂದು ಅದರಲ್ಲಿ ಬರೆದಿಟ್ಟಿದ್ದೇನೆ, ಏಕೆಂದರೆ ಈ ಸ್ನೇಹಗಳಿವೆಯೆಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ.

ಕೆಟ್ಟ ಸುದ್ದಿಯೇ ಬರುವುದೂ ಉಂಟು. ಫೇಸ್‌ಬುಕ್ ಪುಟವನ್ನು ಸ್ಮರಣಪುಟವಾಗಿ ಮಾರ್ಪಡಿಸಿದ್ದು ಕಂಡು ಗೆಳೆಯರ ಸಾವು ತಿಳಿದಾಗ, ಮನೆಯವರಿಗೆ ನಾಲ್ಕು ಸಾಲು ಬರೆಯಲು ಹಿಂಜರಿಯಬಾರದು. ತಮ್ಮವರು ದೂರದ ಒಬ್ಬರೊಂದಿಗೆ ಏನೆಲ್ಲ ಹಂಚಿಕೊಂಡು ನಗುತ್ತಿದ್ದರೆಂದು ತಿಳಿದುಕೊಳ್ಳುವ ಬೇರೆ ದಾರಿ ಅವರಿಗಿರುವುದಿಲ್ಲ.

ಆದರೆ ಹೆಚ್ಚಿನವರು ಮರಳಿ ಬರುತ್ತಾರೆ. ಹಾಗೆ ಬಂದವರಿಂದ ಲೆಕ್ಕ ಕೇಳದೆ, ಅವರಿಲ್ಲದಾಗ ನಡೆದದ್ದನ್ನು ಎರಡು ಮೂರು ಸಾಲುಗಳಲ್ಲಿ ಹೇಳಿ, ನಿಂತ ಮಾತನ್ನು ನಿಂತಲ್ಲಿಂದಲೇ ಎತ್ತಿಕೊಳ್ಳುವುದು ವಾಸಿ. ಸಿರ್ಸಿಯ ಕಡೆಯ ಆ ಗೆಳೆಯರು ಬಂದ ದಿನ ನಾನು ಕೇಳಬೇಕೆಂದಿದ್ದ ಪ್ರಶ್ನೆಗಳನ್ನು ಬದಿಗಿಟ್ಟು ಹೊಸ ಆಟಕ್ಕೆ ಆಹ್ವಾನ ಕಳುಹಿಸಿದೆ, ಈ ಸಲ ನಡೆಯೊಂದಕ್ಕೆ 14 ದಿನಗಳ ಗಡುವಿಟ್ಟು.